ಮಾರಿ ನೋಡಿ ಬಂದೆ

ನಾನು ಇನ್ನು ಹೆಚ್ಚು ದಿನ ಬದುಕುವುದಿಲ್ಲ ಎಂಬ ಸುದ್ದಿ ನಮ್ಮೂರು ಕಕ್ಕೇರಾದಿಂದ ಕೊಂಕಲ್‌ವರೆಗೆ ಎಲ್ಲರಿಗೂ ಮುಟ್ಟಿತ್ತು, ನನ್ನೊಬ್ಬಳನ್ನು ಬಿಟ್ಟು.

ಸುರಪುರದ ದವಾಖಾನೆಯಲ್ಲಿ ಹೆಂಗಸರ ವಾರ್ಡಿನ ಕಿಟಕಿ ಪಕ್ಕದ ಮಂಚ ನನ್ನದು. ಎದೆಯಲ್ಲಿದ್ದ ಗಡ್ಡೆ ಒಡೆದು ಹುಣ್ಣಾಗಿತ್ತು, ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಕಲಬುರಗಿಗೆ ಕರೆದೊಯ್ದು ಪರೀಕ್ಷೆ ಮಾಡಿಸಿ ತಂದಿದ್ದರು. ಏನು ಬಂತು ಎಂದು ಕೇಳಿದರೆ ತಮ್ಮ ಮರಿಲಿಂಗಪ್ಪ, "ಗಡ್ಡಿಗಿ ಕೀವ ತುಂಬ್ಯಾದ, ಅಷ್ಟ," ಎನ್ನುತ್ತಿದ್ದ. ಅವನ ಹೆಂಡತಿ ಮಾನಮ್ಮ, "ಉಷ್ಣ ಆಗ್ಯಾದಕ್ಕಾ," ಎನ್ನುತ್ತಿದ್ದಳು. ಗಂಡ ಹೆಂಡತಿ ಮೊದಲೇ ಕೂಡಿ ಒಂದು ಸುಳ್ಳನ್ನು ಗಟ್ಟಿ ಮಾಡಿಕೊಂಡು ಬಂದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನಾನು ಶಾಲೆಯ ಅಕ್ಕೋರು. ಹೋಂವರ್ಕ್ ಮಾಡದ ಮಕ್ಕಳ ಸುಳ್ಳುಗಳನ್ನು ಜೀವಮಾನವಿಡೀ ಕೇಳಿದವಳು. ಇಷ್ಟು ಕಳಪೆ ಸುಳ್ಳನ್ನು ಎರಡನೇ ಇಯತ್ತೆಯ ಹುಡುಗರೂ ಹೇಳುತ್ತಿರಲಿಲ್ಲ.

ನಮ್ಮ ಕಡೆ ಮುಖಕ್ಕೆ ಮಾರಿ ಅನ್ನುತ್ತೇವೆ. ಯಾರದಾದರೂ ಕಾಲ ಮುಗಿಯುತ್ತ ಬಂತು ಎಂದು ಗೊತ್ತಾದರೆ ನಂಟರು, ನೆರೆಯವರು, ಮಾತು ಬಿಟ್ಟವರು ಕೂಡ ಒಮ್ಮೆ ಮಾರಿ ನೋಡಿ ಬರೋಣ ಎಂದು ಹೊರಡುತ್ತಾರೆ. ಪದ್ಧತಿ ಒಳ್ಳೆಯದೇ. ಆದರೆ ಮರಿಲಿಂಗ ಮಾಡಿದ್ದೇನು? ನನ್ನ ಬೇನೆಯನ್ನು ನನ್ನಿಂದ ಮುಚ್ಚಿಟ್ಟ, ಊರೂರಿಗೆ ಫೋನು ಮಾಡಿ ನನ್ನ ಮಾರಿ ನೋಡಲು ಜನರನ್ನು ಕರೆದ. ಈ ಎರಡು ಕೆಲಸ ಕೂಡಿ ನಡೆಯುವುದಿಲ್ಲ ಎಂಬುದು ಭೀಮರಾಯನಗುಡಿಯ ಕಾಲುವೆ ಆಫೀಸಿನಲ್ಲಿ ಗುಮಾಸ್ತನಾಗಿರುವ ಆ ಜಾಣನ ತಲೆಗೆ ಹೋಗಲಿಲ್ಲ.

ಜನ ಬಂದರು ಅಂದರೆ ಬಂದರು. ಬ್ರೆಡ್ಡು, ಬಿಸ್ಕೀಟು, ಬಾಳೆಹಣ್ಣು ಹಿಡಿದು ಬಂದರು. ಯಾರದೋ ಮದುವೆಯಲ್ಲಿ ಕೊನೆಯ ಸಲ ಕಂಡಿದ್ದ ಬಾಲಮ್ಮತ್ತೆ ವಾರ್ಡಿನ ಬಾಗಿಲಲ್ಲಿಯೇ ನಿಂತು ಅತ್ತು, ಮುಗಿಸಿ, ಒಳಗೆ ಬಂದು, "ಎಷ್ಟ ಛಲೋ ಕಾಣಾಕತ್ತಿ ಸುಂದ್ರಿ!" ಅಂದಳು.

"ಹಂಗಾದ್ರ ಅಳಾಕತ್ತಿದ್ದಿ ಯಾಕತ್ತಿ?"

"ಕಣ್ಣಾಗ ಕಸ ಬಿದ್ದದವ್ವ."

ಬಂದವರಿಗೆಲ್ಲ ಅದೇ ಕಸ. ಸುರಪುರದ ಗಾಳಿಯಲ್ಲಿದ್ದ ಕಸವೆಲ್ಲ ನನ್ನ ನಂಟರ ಕಣ್ಣನ್ನೇ ಹುಡುಕಿಕೊಂಡು ಬರುತ್ತಿತ್ತು. ಅಳುವುದು ಮುಗಿದ ಮೇಲೆ ಎಲ್ಲರೂ ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದರು. ನನ್ನ ಹುಣ್ಣು ನಾರುತ್ತಿತ್ತು. ಅದು ನನಗೂ ಗೊತ್ತಿತ್ತು. ನನ್ನ ವಾಸನೆಯನ್ನು ನಾನೇ ಸಹಿಸಿಕೊಂಡು, ಅವರ ಸೆರಗನ್ನೂ ನೋಡುತ್ತ ಮಲಗಿರುವುದು ಎಂಥ ನಾಚಿಕೆ ಎಂದು ಹೇಗೆ ಹೇಳಲಿ. ಹೆಣ್ಣುಮಕ್ಕಳಿಗೆ ತಲೆ ಎತ್ತಿ ನಡೆಯಿರಿ ಎಂದು ಹೇಳಿಕೊಟ್ಟವಳು ನಾನು. ಆ ವಾರ್ಡಿನಲ್ಲಿ ಗೋಡೆಯ ಕಡೆ ತಿರುಗಿ ಮಲಗುವುದನ್ನು ಕಲಿತೆ.

ಆ ಗೋಡೆಯಿಂದ ನನ್ನನ್ನು ಈ ಕಡೆ ತಿರುಗಿಸಿದವಳು ಹಜರಾಬೀ.

ಹಜರಾಬೀ ಆ ವಾರ್ಡಿನ ಸಿಸ್ಟರ್. ಸುರಪುರದವಳೇ, ನಡುವಯಸ್ಸಿನವಳು, ಮನೆಯಲ್ಲಿ ದಖ್ಖನಿ ಮಾತಾಡುವವಳು. ಮುಖದಲ್ಲಿ ನಗು ಕಡಿಮೆ. ಮೊದಲ ದಿನ ಅವಳನ್ನು ನೋಡಿ, ಇವಳಿಗೆ ಸಂಬಳ ಸರಿಯಾಗಿ ಬರುವುದಿಲ್ಲವೇನೋ ಅಂದುಕೊಂಡಿದ್ದೆ. ಅವಳು ಡ್ರೆಸ್ಸಿಂಗ್ ಸಾಮಾನು ತಂದು ಇಟ್ಟು, ಪರದೆ ಎಳೆದು, ಕೈ ತೊಳೆದು ಬಂದು, "ಅಕ್ಕೋರೇ, ಪಟ್ಟಿ ಬಿಚ್ಚಲೇನ್ರಿ?" ಎಂದು ಕೇಳಿದಳು.

ಅಲ್ಲಿಯವರೆಗೆ ನನ್ನ ಎದೆಯನ್ನು ಎಷ್ಟೋ ಮಂದಿ ತೆರೆದು ನೋಡಿದ್ದರು, ಯಾರೂ ಕೇಳಿರಲಿಲ್ಲ. ನಾನು ಹೂಂ ಅನ್ನುವ ತನಕ ಅವಳು ಕಾದಳು.

ಪಟ್ಟಿ ಬಿಚ್ಚಿದಾಗ ವಾಸನೆ ಗುಪ್ಪೆಂದು ಬಂತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ತಪ್ಪು ಹಿಡಿಯಬೇಕು ಅಂತಲೇ. ಅವಳ ಹುಬ್ಬು ಕೂಡ ಅಲುಗಲಿಲ್ಲ. "ಈ ನಾತಕ್ಕ ಔಷಧ ಅದ ಅಕ್ಕೋರೇ. ಡಾಕ್ಟರ್ ಬರದಾರ. ಗುಳಿಗಿ ಪುಡಿ ಮಾಡಿ ಗಾಯದ ಮ್ಯಾಲ ಹಾಕ್ತೀನಿ. ನಾತ ಬೇನಿದು, ನಿಮ್ಮದಲ್ಲ," ಅಂದಳು. ಕೆಲವು ದಿನಗಳಲ್ಲಿ ವಾಸನೆ ನಿಜಕ್ಕೂ ಇಳಿಯಿತು. ಅದು ಇಳಿಯುವ ಮೊದಲೇ ನನ್ನ ನಾಚಿಕೆ ಇಳಿದಿತ್ತು.

ಜನರ ಮೇಲೆ ಮಾತ್ರ ಅವಳಿಗೆ ಕರುಣೆ ಇರಲಿಲ್ಲ. ಮಂಚದ ಸುತ್ತ ಗುಂಪು ಕಟ್ಟಿದವರನ್ನು ಕುರಿ ಅಟ್ಟಿದ ಹಾಗೆ ಹೊರಗೆ ಅಟ್ಟುತ್ತಿದ್ದಳು. ಬಾಲಮ್ಮತ್ತೆ ಅವಳನ್ನು ಬಾಗಿಲ ಹತ್ತಿರ ತಡೆದು, "ಖರೇ ಹೇಳ್ರಿ ಸಿಸ್ಟರ್, ಇನ್ನ ಎಷ್ಟ ದಿನ ಅದಾಳ್ರಿ?" ಎಂದು ಪಿಸುಗುಟ್ಟಿದಳು. ನಮ್ಮ ಅತ್ತೆ ಪಿಸುಗುಟ್ಟಿದರೆ ಬಸ್‌ಸ್ಟ್ಯಾಂಡಿಗೆ ಕೇಳುತ್ತದೆ.

"ಅಕ್ಕೋರ ಬೇನಿ ಸುದ್ದಿ ಅಕ್ಕೋರದು. ಅವರನ್ನ ಕೇಳ್ರಿ. ಜರಾ ಬಾಗಲಾ ಬಿಡ್ರಿ," ಅಂದಳು ಹಜರಾಬೀ.

ನಾನು ಕೇಳಿಸಿಕೊಂಡೆ. ನನ್ನ ಬೇನೆ ನನ್ನದು ಎಂದು ಒಬ್ಬಳಾದರೂ ಅಂದಳಲ್ಲ ಎಂದು ಆ ಮಧ್ಯಾಹ್ನ ಊಟ ರುಚಿಯಾಯಿತು.

ಮರುದಿನ ಮರಿಲಿಂಗ ಬಂದು, "ಅಕ್ಕಾ, ಹೈದರಾಬಾದಿಗಿ ಹೋಗಿ ಗಡ್ಡಿ ತೊಳಿಸ್ಕೊಂಡ ಬರೋಣು. ನಾಳಿ ಮುಂಜಾನಿಗಿ ಕ್ರೂಸರ್ ಗಾಡಿ ಹೇಳೀನಿ," ಅಂದ. ಗಡ್ಡೆ ತೊಳೆಯುವುದಕ್ಕೆ ಅಷ್ಟು ದೂರ ಯಾಕೆ ಎಂದರೆ ಅಲ್ಲಿ ನೀರು ಚಲೋ ಇದೆ ಅಂದ. ಕೃಷ್ಣೆಯ ಕಾಲುವೆ ಮನೆ ಮುಂದೆ ಇಟ್ಟುಕೊಂಡವನು, ಕಾಲುವೆಯದೇ ಸಂಬಳ ತಿನ್ನುವವನು, ಹೈದರಾಬಾದಿನ ನೀರಿನ ಗುಣ ಹೇಳಿದ. ನಾನು ಕಣ್ಣು ಮುಚ್ಚಿ ನಿದ್ದೆ ಬಂದವಳ ಹಾಗೆ ಮಲಗಿದೆ. ನಿದ್ದೆ ಬಂತೆಂದು ನಂಬಿ ಅವನು ಪರದೆಯ ಆಚೆ ಹಜರಾಬೀಯ ಹತ್ತಿರ ಹೋದ.

"ಸಿಸ್ಟರ್, ಅಲ್ಲಿ ದೊಡ್ಡ ಆಪರೇಷನ್ ಮಾಡ್ತಾರ. ಕಾಗದಕ್ಕ ನಾ ಸಹಿ ಮಾಡ್ತೀನಿ. ಅಕ್ಕಗ ಏನೂ ಗೊತ್ತಾಗಬಾರದು. ಹೊರಡೋ ಮುಂದ ನಿದ್ದಿ ಸೂಜಿ ಹಾಕಿ ಕೊಡ್ರಿ. ಇಲ್ಲಂದ್ರ ಹಾದಿಯೊಳಗ ಕೇಳಿ ಕೇಳಿ ನನ್ನ ಜೀವಾ ತಿಂತಾಳ."

"ಆಗಂಗಿಲ್ರಿ."

"ಯಾಕ? ನಾ ಆಕಿ ತಮ್ಮ."

"ಹೌದ್ರಿ. ಆದ್ರ ಮೈ ಆಕಿದು. ಶಾಣ್ಯಾ ಹೆಣಮಗಳು, ಬುದ್ಧಿ ನೆಟ್ಟಗದ, ಸಹಿ ಆಕೀನ ಮಾಡಬೇಕು. ತಿಳಿಸಿ ಹೇಳಿ, ಆಕಿ ಹೂಂ ಅಂದ್ರ ಹೈದರಾಬಾದ್ ಯಾಕ, ಬಾಂಬೆಕ್ಕ ಒಯ್ರಿ. ಮಲಗಿಸಿ ಒಯ್ಯಾಕ ಆಕಿ ಏನ್ ಚೀಲ ಏನ್ರಿ?"

ಮರಿಲಿಂಗನ ದನಿ ಏರಿತು. "ನೀವ್ ಆಕಿಗಿ ಹೇಳಿದ್ರ ನೋಡ್ರಿ. ಮ್ಯಾಲಿನವರಿಗೆ ಕಂಪ್ಲೇಂಟ್ ಬರೀತೀನಿ. ಇಲ್ಲಿಂದ ಎತ್ತಂಗಡಿ ಮಾಡಸ್ತೀನಿ."

"ನಾ ಹುಡಿಕ್ಯಾಡಿಕೊಂಡ ಹೋಗಿ ಹೇಳಂಗಿಲ್ಲ ತಮ್ಮಾ. ಆಕಿ ಕೇಳಿದ್ರ ಸುಳ್ಳ ಹೇಳಂಗಿಲ್ಲ. ಇದಕ್ಕ ಎತ್ತಂಗಡಿ ಆಗೋದಾದ್ರ ಆಗಲಿ," ಅಂದಳು ಅವಳು. ಅಷ್ಟು ಹೇಳಿ ಪಕ್ಕದ ಮಂಚದವಳ ಸಲೈನ್ ನೋಡಲು ಹೋದಳು.

ಕಕ್ಕೇರಾದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ ಹೆಂಗಸರಿಗೆ ಸಂಜೆ ಹೊತ್ತು ಕೂರಿಸಿಕೊಂಡು ಸಹಿ ಕಲಿಸಿದವಳು ನಾನು. ಮರಿಲಿಂಗನಿಗೆ ಅ ಆ ತಿದ್ದಿಸಿದವಳೂ ನಾನೇ. ಅವನು ಈಗ ನನ್ನ ಮೈಗೆ ಸಹಿ ಹಾಕಲು ಹೊರಟಿದ್ದ. ಸಿಟ್ಟಿನ ಕೆಳಗೆ ಭಯವೂ ಇತ್ತು. ನಾಳೆ ಬೆಳಗ್ಗೆ ಗಾಡಿ ಬಂದರೆ ಎಲ್ಲವೂ ನನ್ನ ಕೈಬಿಟ್ಟು ಹೋಗುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯದೆ, ಉಳಿದದ್ದನ್ನು ಹೇಗೆ ಕಳೆಯಬೇಕು ಎಂದು ಹೇಳಲೂ ಆಗದೆ, ಗೊತ್ತಿಲ್ಲದ ಊರಿನ ಮಂಚದ ಮೇಲೆ ಮುಗಿದು ಹೋಗುತ್ತೇನೆ.

ಸಂಜೆ ಡ್ರೆಸ್ಸಿಂಗ್ ಮುಗಿಯುವ ತನಕ ಸುಮ್ಮನಿದ್ದು ಆಮೇಲೆ ಕೇಳಿದೆ. "ಹಜರಾಬೀ, ನನಗ ದೊಡ್ಡ ಬೇನಿ ಆಗ್ಯಾದೇನು? ಕ್ಯಾನ್ಸರ್?"

ಅವಳು ಸಾಮಾನು ಬದಿಗಿಟ್ಟು, ಸ್ಟೂಲು ಎಳೆದುಕೊಂಡು ನನ್ನ ಕಣ್ಣಿನ ಮಟ್ಟಕ್ಕೆ ಕುಳಿತಳು. ದವಾಖಾನೆಗೆ ಬಂದ ಮೇಲೆ ನನ್ನ ಜೊತೆ ಕುಳಿತು ಮಾತಾಡಿದವಳು ಅವಳೇ ಮೊದಲು.

"ಎಷ್ಟ ತಿಳಕೋಬೇಕಂತೀರಿ ಅಕ್ಕೋರೇ? ಎಲ್ಲಾ ಬೇಕಂದ್ರ ಎಲ್ಲಾ. ಜರಾ ಸಾಕಂದ್ರ ಜರಾ. ಬ್ಯಾಡ, ತಮ್ಮಗ ಹೇಳ್ರಿ ಅಂದ್ರ ಅದೂ ನಡೀತದ. ನಿಮ್ಮ ಖುಷಿ."

"ಎಲ್ಲಾ ಬೇಕು."

"ಹಂಗಾದ್ರ ಡಾಕ್ಟರಿಗೆ ಕರೀತೀನಿ. ರಿಪೋರ್ಟ್ ಬಿಡಿಸಿ ಹೇಳೋದು ಅವರ ಕೆಲಸ. ನಾ ಇಲ್ಲೇ ಕುಂತಿರ್ತೀನಿ, ಏಳಂಗಿಲ್ಲ. ಮನಿಯವರು ಯಾರರೆ ಇರಬೇಕೇನು?"

"ಮರಿಲಿಂಗಗ ಕರೀರಿ," ಅಂದೆ. "ಅವನೂ ಒಂದ್ಸಲ ಖರೇ ಮಾತ ಕೇಳಲಿ."

ಡಾಕ್ಟರ್ ಬಸವಂತ್ರಾಯ ಚಿಕ್ಕ ವಯಸ್ಸಿನವರು. ನನ್ನ ಮುಂದೆ ನಿಂತಾಗ ಪಾಠ ಒಪ್ಪಿಸುವ ಹುಡುಗನ ಹಾಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತರು. ಆದರೆ ಹೇಳಿದ್ದನ್ನು ನೇರವಾಗಿ ಹೇಳಿದರು. ಕ್ಯಾನ್ಸರ್. ಎಲುಬಿಗೂ ಶ್ವಾಸಕೋಶಕ್ಕೂ ಹಬ್ಬಿದೆ. ವಾಸಿಯಾಗುವ ಬೇನೆಯಲ್ಲ. ಹೈದರಾಬಾದಿಗೆ ಹೋದರೆ ಗಾಯ ತೆಗೆದು ಹಾಕಬಹುದು, ಔಷಧಿ ಕೊಡಬಹುದು, ಕೆಲವು ತಿಂಗಳು ಹೆಚ್ಚು ಸಿಕ್ಕರೂ ಸಿಗಬಹುದು. ಆ ತಿಂಗಳುಗಳ ಬಹುಪಾಲು ದವಾಖಾನೆಯಲ್ಲೇ ಕಳೆಯಬೇಕಾದೀತು. ಮನೆಯಲ್ಲೇ ಇರುತ್ತೇನೆ ಎಂದರೆ ನೋವಿಗೆ ಒಳ್ಳೆಯ ಔಷಧಿ ಇದೆ, ನೋವಿನಲ್ಲಿ ಬಿಡುವುದಿಲ್ಲ. "ಯಾವುದು ಮಾಡಿದರೂ ತಪ್ಪಲ್ಲ. ನೀವೇ ಹೇಳಬೇಕು," ಅಂದರು.

ಕೇಳಿದ್ದನ್ನೆಲ್ಲ ಕೇಳಿ ಮುಗಿಸಿದ ಮೇಲೆ ಹೊಟ್ಟೆಯೊಳಗಿಂದ ಒಂದು ಅಳು ಎದ್ದು ಬಂತು. ನಾನು ಅತ್ತುಬಿಟ್ಟೆ. ತಡೆಯಲಿಲ್ಲ. ಹಜರಾಬೀ, "ಕೈ ಹಿಡೀಲೇನ್ರಿ?" ಎಂದು ಕೇಳಿ, ನಾನು ಕೈ ಚಾಚಿದ ಮೇಲೆ ಹಿಡಿದುಕೊಂಡಳು. ಅಳಬ್ಯಾಡ್ರಿ ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ನಾನು ಸಾಯುವುದು ಖಂಡಿತ ಎಂದು ತಿಳಿದ ಆ ಗಳಿಗೆಯಲ್ಲಿ ಎದೆಯ ಮೇಲಿಂದ ಯಾರೋ ಜೋಳದ ಮೂಟೆ ಇಳಿಸಿದ ಹಾಗೂ ಆಯಿತು. ಅಷ್ಟು ದಿನ ನಾನು ಒಬ್ಬಳೇ ಹೆದರುತ್ತಿದ್ದೆ. ಈಗ ಹೆದರಿಕೆಗೆ ಒಂದು ಹೆಸರಿತ್ತು, ಪಕ್ಕದಲ್ಲಿ ಒಬ್ಬಳು ಕುಳಿತಿದ್ದಳು.

ಮಂಚದ ಕಾಲ ಹತ್ತಿರ ಮರಿಲಿಂಗ ನನಗಿಂತ ಜೋರಾಗಿ ಅಳುತ್ತಿದ್ದ.

"ನೀ ಯಾಕ ಅಳಾಕತ್ತೀಯೋ? ಸಾಯಾಕಿ ನಾನು," ಅಂದೆ.

"ಅಪ್ಪಗ ಹೇಳಿದ್ವಲ್ಲಕ್ಕಾ," ಅಂದ ಅವನು. "ಇದೇ ದವಾಖಾನಿ. ಹೇಳಿದ ಮರುದಿನಾನ ಗೋಣ ಚೆಲ್ಲಿದ. ನನ್ನ ಬಾಯಿಂದಾನ ಹೇಳಿದ್ದೆ. ನಿನಗೂ ಹೇಳಿ ನಿನ್ನ ಕೊಲ್ಲಲೇನು?"

ನಾನು ಬೈಯಲು ಬಾಯಿ ತೆರೆದಿದ್ದೆ, ಮುಚ್ಚಿದೆ. ಅಪ್ಪ ಆ ಹೊತ್ತಿಗಾಗಲೇ ಅರ್ಧ ಹೋಗಿದ್ದ. ಇವನು ಇಷ್ಟು ವರ್ಷ ಆ ಸಾವನ್ನು ತನ್ನ ನಾಲಿಗೆಯ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದಾನೆ ಎಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. "ಹುಚ್ಚ ಸೂಳೆಮಗನ, ಅಪ್ಪ ಬೇನಿಗಿ ಸತ್ತ, ನಿನ್ನ ಮಾತಿಗಲ್ಲ," ಅಂದೆ. ಹಜರಾಬೀಯ ಮುಂದೆ ಬೈದದ್ದಕ್ಕೆ ಸ್ವಲ್ಪ ಸಂಕೋಚವಾಯಿತು. ಅವಳು ಕೇಳಿಸದವಳ ಹಾಗೆ ಕುಳಿತಿದ್ದಳು.

ಮರಿಲಿಂಗ ಮೂಗು ಒರೆಸಿಕೊಂಡು, "ನಿನಗೇನ್ ಬೇಕ ಹೇಳಕ್ಕಾ," ಎಂದು ಕೇಳಿದ.

ಅವಸರ ಇಲ್ಲ, ನಾಳೆ ಹೇಳಿದರೂ ಆದೀತು ಎಂದು ಹಜರಾಬೀ ಅವರನ್ನೆಲ್ಲ ಹೊರಗೆ ಕಳಿಸಿದಳು. ನನ್ನ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದಿ ಎಂದು ಅವಳನ್ನು ಕೇಳಿದೆ.

"ನಿಮ್ಮ ಜಾಗಾದಾಗ ನಾ ಇಲ್ಲಲ್ರಿ. ಇದ್ದಂಗ ನಾಟಕ ಮಾಡಿದ್ರ ಸುಳ್ಳಾಗ್ತದ," ಅಂದಳು. "ಒಂದ್ ಕೇಳ್ತೀನಿ. ಏನ್ ಮಾಡದಂಗ ಹೋದ್ರ ಜೀವಾ ಹಳಹಳಿ ಮಾಡ್ತದ ನಿಮಗ?"

ಅವಳು ಹೋದ ಮೇಲೆ ಅದನ್ನೇ ಯೋಚಿಸಿದೆ. ಹೊಲ, ಮನೆ, ಬಂಗಾರ ಯಾವುದೂ ನೆನಪಿಗೆ ಬರಲಿಲ್ಲ. ಬಂದದ್ದು ಸರದಾರಸಾಬರ ಪಡಸಾಲೆ.

ಕಾಲುವೆಯ ನೀರು ಹೊಸದಾಗಿ ಬಂದ ವರ್ಷಗಳಲ್ಲಿ ನನಗೆ ಮೊದಲ ನೌಕರಿ ಕೊಂಕಲ್‌ನಲ್ಲಿ ಸಿಕ್ಕಿತ್ತು. ನಾವು ಯಾರು, ಎಂಥವರು ಎಂದು ಊರಿಗೆ ಗೊತ್ತಾದ ಮೇಲೆ ಬಾಡಿಗೆಗೆ ಖೋಲಿ ಕೊಡುವವರು ಯಾರೂ ಇರಲಿಲ್ಲ. ನಮ್ಮ ಮನೆಯಲ್ಲಿ ಬುದ್ಧನ ಪಟ ಹಾಕಿದ್ದರೂ ಊರಿನವರ ಲೆಕ್ಕದಲ್ಲಿ ನಮ್ಮ ಜಾತಿ ಬದಲಾಗಿರಲಿಲ್ಲ. ಟ್ರಂಕು ಇಟ್ಟುಕೊಂಡು ಶಾಲೆಯ ಕಟ್ಟೆಯ ಮೇಲೆ ಕುಳಿತಿದ್ದಾಗ ಸರದಾರಸಾಬರು ಬಂದು, "ಬರ್ರಿ ಅಕ್ಕೋರೇ, ನಮ್ಮ ಪಡಸಾಲಿ ಖಾಲಿ ಅದ," ಎಂದು ಟ್ರಂಕು ಎತ್ತಿಕೊಂಡು ನಡೆದರು. ಅವರ ಮನೆಯ ಕೊಡದಿಂದಲೇ ನೀರು ಕುಡಿದೆ, ಅಲ್ಲೇ ನೌಕರಿ ಗಟ್ಟಿ ಮಾಡಿಕೊಂಡೆ. ಧನ್ಯವಾದ ಅನ್ನುವುದು ನಮ್ಮಲ್ಲಿ ಭಾಷಣದ ಕೊನೆಗೆ ಬರುವ ಮಾತು. ಮನೆ ಮಂದಿಗೆ ಯಾರೂ ಹಾಗೆ ಹೇಳುವುದಿಲ್ಲ. ನಾನೂ ಹೇಳಿರಲಿಲ್ಲ.

ಬೆಳಗ್ಗೆ ಮರಿಲಿಂಗ ಬಂದಾಗ ಹೇಳಿದೆ. "ಹೈದರಾಬಾದ್ ಬ್ಯಾಡ. ಕಕ್ಕೇರಾಕ ಹೋಗೋಣು. ಮತ್ತ ಯಾರೂ ನನ್ನ ಮಾರಿ ನೋಡಾಕ ಬರೋದ್ ಬ್ಯಾಡ. ಹೇಳಿದ ಕ್ರೂಸರ್ ಇರಲಿ. ಯಾರ್ಯಾರ ಮಾರಿ ನೋಡಬೇಕು, ನಾನ ಹೋಗಿ ನೋಡ್ತೀನಿ."

"ಸಾಯಾಕಿ ತಾನ ಹೋಗಿ ಮಂದಿ ಮಾರಿ ನೋಡೋದು ಎಲ್ಯರೆ ಉಂಟೇನಕ್ಕಾ?" ಅಂದಳು ಮಾನಮ್ಮ.

"ಇವತ್ತಿನಿಂದ ಉಂಟು," ಅಂದೆ.

ಜ್ವರ ಇಳಿಯಲಿ ಎಂದು ಡಾಕ್ಟರ್ ಕೆಲವು ದಿನ ತಡೆದರು. ಆ ದಿನಗಳಲ್ಲಿ ಹಜರಾಬೀ ಮಾನಮ್ಮನಿಗೆ ಡ್ರೆಸ್ಸಿಂಗ್ ಕಲಿಸಿದಳು. ಮಾನಮ್ಮ ಮೊದಲ ಸಲ ಸೆರಗು ಎತ್ತಿದಾಗ ಅವಳ ಕೈಯನ್ನು ಮೆಲ್ಲಗೆ ಇಳಿಸಿ, "ಆಕಿ ನಿಮ್ಮ ಮಾರೀನ ನೋಡಾಕತ್ತಾಳ," ಅಂದಳು. ಮಾನಮ್ಮ ಬೇಗ ಕಲಿತಳು. ಈಗ ಪಟ್ಟಿ ಬಿಚ್ಚುವ ಮೊದಲು ನನ್ನನ್ನು ಕೇಳುತ್ತಾಳೆ. ಅದನ್ನು ಯಾರು ಹೇಳಿಕೊಟ್ಟರೆಂದು ನಾನು ಕೇಳಬೇಕಾಗಿಲ್ಲ.

ದವಾಖಾನೆಯಿಂದ ಕಕ್ಕೇರಾದ ಮನೆಗೆ ಬಂದ ಮೇಲೆ ಒಂದು ದಿನ ಗಾಡಿ ಕೊಂಕಲ್ ಕಡೆ ಹೊರಟಿತು. ಕಾಲುವೆ ತುಂಬಿ ಹರಿಯುತ್ತಿತ್ತು, ದಾರಿಯುದ್ದಕ್ಕೂ ಭತ್ತ ಹಚ್ಚುವ ಹೆಂಗಸರು. ದೇವಾಪುರದ ಹತ್ತಿರ ಒಬ್ಬಳು ನನ್ನನ್ನು ಗುರುತು ಹಿಡಿದು ಕೆಸರಿನ ಕಾಲಲ್ಲೇ ಓಡಿ ಬಂದಳು. ನನ್ನ ಹತ್ತಿರ ಓದಿದ ರೇಣಮ್ಮ. "ಅಕ್ಕೋರೇ, ನೀವು ಹೋದ್ರಂತ ಸುದ್ದಿ ಬಂದಿತ್ತಲ್ರಿ!"

"ಇನ್ನೂ ಇಲ್ಲ. ನಿನ್ನ ಮಾರಿ ನೋಡಾಕ ನಿಂತೀನಿ. ಸೊಂಟ ಬಗ್ಗಿಸಿ ಬಗ್ಗಿಸಿ ಎಷ್ಟ ಸೊರಗಿಯೇ?" ಎಂದು ಬೈದೆ. ರೇಣಮ್ಮ ನಗುತ್ತ ಅತ್ತಳು. ಕಣ್ಣಿನಲ್ಲಿ ಕಸ ಬಿದ್ದಿದೆ ಅನ್ನಲಿಲ್ಲ.

ಸರದಾರಸಾಬರಿಗೆ ಈಗ ಕಣ್ಣು ಮಂಜು. ನನ್ನ ದನಿ ಕೇಳಿ ಗುರುತು ಹಿಡಿದರು. ಅವರ ಪಕ್ಕ ಕುಳಿತು, ನನಗೆ ಎಂಥ ಬೇನೆ ಆಗಿದೆ, ಯಾಕೆ ಬಂದೆ ಎಂದು ಒಂದೂ ಬಿಡದೆ ಹೇಳಿದೆ. "ಆವತ್ತ ನೀವ್ ಟ್ರಂಕ ಎತ್ತಿರಲಿಲ್ಲಂದ್ರ ನಾ ನೌಕರಿ ಬಿಟ್ಟ ಊರಿಗಿ ಹೋಗ್ತಿದ್ದೆ. ನಿಮ್ಮ ಉಪಕಾರ ಮರತಿಲ್ರಿ. ಹೇಳಿ ಹೋಗಬೇಕಂತ ಬಂದೀನಿ."

ಅವರು ತಡವಿ ನನ್ನ ಕೈ ಹಿಡಿದುಕೊಂಡರು. ಆಮೇಲೆ, "ಟ್ರಂಕ ಭಾಳ ವಜ್ಜಿ ಇತ್ರಿ. ಏನ್ ತುಂಬಿದ್ರಿ ಅದರಾಗ?" ಅಂದರು. ಇಬ್ಬರೂ ನಕ್ಕೆವು. ಹೊರಡುವಾಗ ತಡವರಿಸುತ್ತ ಬಂದು ಗಾಡಿಯ ಬಾಗಿಲ ತನಕ ಕಳಿಸಿದರು.

ಶಹಾಪುರ ದಾಟುವಾಗ ನೋವು ಏರಿತು. ಔಷಧಿ ಕುಡಿದು ಒರಗಿದೆ. ಮನೆಗೆ ಹೋಗೋಣವೇ ಎಂದು ಮರಿಲಿಂಗ ಕೇಳಿದ. ಇನ್ನೊಂದು ಮನೆ ಇದೆ, ಸುರಪುರದಲ್ಲಿ ನಿಲ್ಲಿಸು ಅಂದೆ. ಯಾರ ಮನೆ ಎಂದು ಅವನಿಗೆ ತಿಳಿಯಿತು. ಅವನು ಕಂಪ್ಲೇಂಟು ಬರೆದಿರಲಿಲ್ಲ. ನಡುವೆ ಗಾಡಿ ನಿಲ್ಲಿಸಿ ಮಾವಿನಹಣ್ಣಿನ ಬುಟ್ಟಿಯೊಂದನ್ನು ತಂದು ಹಿಂದಿನ ಸೀಟಿನಲ್ಲಿಟ್ಟ.

ಹಜರಾಬೀಗೆ ಅವತ್ತು ರಜೆ. ಹೊಸ್ತಿಲ ಹತ್ತಿರ ಕುಳಿತು ಅಕ್ಕಿ ಆರಿಸುತ್ತಿದ್ದಳು. ಬಿಳಿ ಬಟ್ಟೆ ಇಲ್ಲದೆ, ಹಳೆಯ ಸೀರೆಯಲ್ಲಿ ಸಣ್ಣವಳಾಗಿ ಕಂಡಳು. ಗಾಡಿಯಿಂದ ನನ್ನನ್ನು ಇಳಿಸುವುದನ್ನು ನೋಡಿ ಮೊರ ಬಿಟ್ಟು ಎದ್ದಳು. "ಏನಾತ್ರಿ ಅಕ್ಕೋರೇ? ನೋವ ಹೆಚ್ಚಾತೇನು? ಗಾಯ ಬಿಚ್ಚೇದೇನು?"

"ಏನೂ ಆಗಿಲ್ಲ. ನಿನ್ನ ಮಾರಿ ನೋಡಾಕ ಬಂದೀನಿ."

ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ನೀ ನನಗ ಖರೇ ಹೇಳಿದಿ," ಅಂದೆ. "ಮುಟ್ಟೋಕಿಂತ ಮೊದಲ ಕೇಳಿದಿ. ಸಾಯಾಕಿ ಅಂತ ಬಿಡದ ನನ್ನನ್ನ ಮನುಷ್ಯಾಳಂಗ ನೋಡಿದಿ. ಇದನ್ನ ಹೇಳದಂಗ ಹೋದ್ರ ನನ್ನ ಜೀವಾ ಹಳಹಳಿ ಮಾಡ್ತಿತ್ತವ್ವ."

ಮರಿಲಿಂಗ ಹಣ್ಣಿನ ಬುಟ್ಟಿಯನ್ನು ಅವಳ ಹೊಸ್ತಿಲ ಮೇಲಿಟ್ಟು, ಎರಡೂ ಕೈ ಜೋಡಿಸಿದ. ವಾರ್ಡಿನಲ್ಲಿ ಎಷ್ಟು ಸಾವು ಕಂಡವಳೋ, ಹುಬ್ಬು ಕೂಡ ಅಲುಗಿಸದ ಆ ಹೆಂಗಸು ನನ್ನ ಭುಜಕ್ಕೆ ಹಣೆ ಹಚ್ಚಿದಳು, ಗಾಯದ ಕಡೆ ಅಲ್ಲ, ಆಚೆ ಭುಜಕ್ಕೆ.

"ಇವತ್ತ ನಾ ಡ್ಯೂಟಿ ಮ್ಯಾಲ ಇಲ್ರಿ ಅಕ್ಕೋರೇ," ಅಂದಳು. "ಅಳ್ಲೇನ್ರಿ?"

"ಅಳವ್ವ," ಅಂದೆ, ಅವಳ ಬೆನ್ನ ಮೇಲೆ ಕೈಯಿಟ್ಟು ಹಾಗೇ ನಿಂತುಕೊಂಡೆ.